‘ಯಾರು ಓದ್ತಾರೆ ಅಂತ ಬರೀತೀ ಮಾರಾಯ್ತಿ?’

ಕಳೆದ ತಿಂಗಳು ಒಂದು ಮದುವೆ ಊಟ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ದೊಡ್ಡಮ್ಮ ಅನ್ನಕ್ಕೆ ಸಾರು ಕಲಸುತ್ತಾ ಕೇಳಿದರು. "ನಿನ್ನ ಆ ಮಕ್ಕಳ ಪುಸ್ತಕ ಎಲ್ಲಿಗೆ ಮುಟ್ಟಿತು? ಅಲ್ಲ, ಈ ಊರಲ್ಲಿ ಯಾರು ಓದ್ತಾರೆ ಅಂತ ಬರೀತೀ ಮಾರಾಯ್ತಿ?" ನಾನು ಬಾಯಿ ತೆರೆಯುವಷ್ಟರಲ್ಲಿ ಪಾಯಸ ಬಂತು. ಬಚಾವಾದೆ.

ಎಲ್ಲಾ ಸಲ ಪಾಯಸ ಬರುವುದಿಲ್ಲ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು. ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಕೌಂಟರಿನಲ್ಲಿ ಪಾಸ್‌ಬುಕ್ ಕೊಡುತ್ತಾ ಇದನ್ನೇ ಕೇಳುತ್ತಾರೆ. ಬಸ್ಸಿನಲ್ಲೂ ಕೇಳುತ್ತಾರೆ. ಬೆಂಗಳೂರಿನಲ್ಲಿರುವ ನೆಂಟರು ಬೇರೆ ರಾಗದಲ್ಲಿ ಕೇಳುತ್ತಾರೆ: "ಗಡಿಯಲ್ಲಿ ಕೂತು ಕನ್ನಡ ಉಳಿಸೋಕೆ ಬರೀತಿದ್ದೀರಲ್ಲ, ಗ್ರೇಟ್!" ಎರಡನೆಯದು ಪ್ರಶ್ನೆಯಲ್ಲ, ಹೊಗಳಿಕೆ. ನನಗೆ ಮೊದಲನೆಯದಕ್ಕಿಂತ ಇದೇ ಜಾಸ್ತಿ ಕಷ್ಟ.

ಯಾಕೆಂದರೆ ನಾನು ಕನ್ನಡ ಉಳಿಸಲು ಬರೆಯುತ್ತಿಲ್ಲ. ಒಮ್ಮೆ ಹಾಗೆ ಬರೆದು ನೋಡಿದ್ದೇನೆ. ಆ ಕಥೆ ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ ಒಂದು ಸ್ಪರ್ಧೆಗೆ ಕಳಿಸಲು ಮೊಲದ ಕಥೆ ಬರೆದೆ. ಕಾಡಿನ ಪ್ರಾಣಿಗಳೆಲ್ಲ ತಮ್ಮ ಭಾಷೆ ಮರೆಯುತ್ತಿವೆ. ಮೊಲ ಮಾತ್ರ ಕನ್ನಡ ಬಿಡುವುದಿಲ್ಲ. ಕೊನೆಯಲ್ಲಿ ಎಲ್ಲವೂ ಸೇರಿ ಗುಡ್ಡದ ಮೇಲೆ ಬಾವುಟ ಹಾರಿಸುತ್ತವೆ. ಬರೆದು ಮುಗಿಸಿದಾಗ ನನಗೇ ಕಣ್ಣೀರು ಬಂದಿತ್ತು. ಭಾನುವಾರ ನಮ್ಮೂರಿನ ಗ್ರಂಥಾಲಯದಲ್ಲಿ ಎಂಟೊಂಬತ್ತು ಮಕ್ಕಳಿಗೆ ಅದನ್ನು ಓದಿ ಹೇಳಿದೆ. ಬಾವುಟ ಹಾರುವ ಹೊತ್ತಿಗೆ ಇಬ್ಬರು ಕಿಟಕಿಯ ಹತ್ತಿರ ಹೋಗಿ ಓತಿಯನ್ನು ನೋಡುತ್ತಿದ್ದರು. ಉಳಿದವರಲ್ಲಿ ಒಬ್ಬಳು ಕೈ ಎತ್ತಿ ಕೇಳಿದಳು: "ಅಕ್ಕ, ಆ ಮೊಲಕ್ಕೆ ಮಲಯಾಳ ಬರ್ತದಾ?"

ತಮಾಷೆಗೆ ಕೇಳಿದ್ದಲ್ಲ. ಅವಳ ಮನೆಮಾತು ಬ್ಯಾರಿ. ಶಾಲೆಯಲ್ಲಿ ಕನ್ನಡ. ಬಸ್ಸಿನ ಬೋರ್ಡು ಓದುವುದು ಮಲಯಾಳದಲ್ಲಿ. ಪಕ್ಕದಲ್ಲಿ ಕೂತಿದ್ದ ಹುಡುಗನ ಮನೆಯಲ್ಲಿ ಹವ್ಯಕ, ಅದರಾಚೆಯವನ ಮನೆಯಲ್ಲಿ ಮರಾಟಿ. ನನ್ನದು ತುಳು. ಒಂದೇ ಭಾಷೆ ಹಿಡಿದುಕೊಂಡು ಕೂತ ಮೊಲ ಆ ಕೋಣೆಯಲ್ಲಿ ಯಾರಿಗೂ ಗುರುತು ಸಿಗಲಿಲ್ಲ. ಅಂಥ ಮೊಲ ಪೆರ್ಲದ ಪೇಟೆಗೆ ಬಂದರೆ ಒಂದು ಕಟ್ಟು ಸೊಪ್ಪು ಕೂಡ ಕೊಳ್ಳಲಾರದು, ಅಲ್ವಾ?

ಸ್ಪರ್ಧೆಯಲ್ಲಿ ಬಹುಮಾನವೂ ಬರಲಿಲ್ಲ. ಬಂದಿದ್ದರೆ ಇವತ್ತಿಗೂ ಬಾವುಟ ಹಾರಿಸುತ್ತಾ ಇರುತ್ತಿದ್ದೆನೋ ಏನೋ.

1956ರಲ್ಲಿ ರಾಜ್ಯಗಳನ್ನು ಭಾಷೆ ನೋಡಿ ಹಂಚಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಅದರ ನೋವು ನನ್ನ ಅಜ್ಜನ ಕಾಲದವರಿಗೆ ಇತ್ತು, ಅಪ್ಪನಿಗೂ ಇತ್ತು. ಅದನ್ನು ಸುಳ್ಳು ಅನ್ನುವುದಿಲ್ಲ. ಆದರೆ ಎಂಟು ವರ್ಷದ ಮಗು ಕಥೆ ಕೇಳಲು ಬಂದಾಗ ಆ ಭಾರವನ್ನು ಅದರ ತಲೆ ಮೇಲೆ ಇಡುವುದು ಸರಿಯಲ್ಲ. ಮಗು ಬಂದಿರುವುದು ಮುಂದೆ ಏನಾಯಿತು ಅಂತ ತಿಳಿಯಲಿಕ್ಕೆ.

ಹಾಗಾದರೆ ಯಾಕೆ ಬರೆಯುತ್ತೇನೆ? ಇದಕ್ಕೆ ದೊಡ್ಡ ಉತ್ತರವಿಲ್ಲ. ಸುರಂಗದ ಕಥೆ ಹೇಳಿದರೆ ಸ್ವಲ್ಪ ಗೊತ್ತಾಗಬಹುದು.

ನಮ್ಮ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಬಾವಿ ಕೆಳಗೆ ಹೋಗುತ್ತದೆ, ಸುರಂಗ ಒಳಗೆ ಹೋಗುತ್ತದೆ. ಮುರಕಲ್ಲಿನ ಗುಡ್ಡದೊಳಗೆ ಒಬ್ಬ ಮನುಷ್ಯ ಹೋಗುವಷ್ಟೇ ದಾರಿ. ಇಬ್ಬರು ಪಕ್ಕಪಕ್ಕ ನಡೆಯಲಾಗುವುದಿಲ್ಲ. ಒಳಗಿನ ಒರತೆ ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಕೊರೆಯುವವರು ದೀಪ ಇಟ್ಟುಕೊಂಡು ಹೋಗುತ್ತಿದ್ದರು. ಅದು ಬೆಳಕಿಗೆ ಮಾತ್ರವಲ್ಲ. ದೀಪ ಮಂಕಾದರೆ ಒಳಗೆ ಗಾಳಿ ಸಾಲದು, ಹೊರಗೆ ಬರಬೇಕು ಅಂತ ಅರ್ಥ. ನನ್ನ ತವರಿನಲ್ಲಿ ಇಂಥ ಒಂದು ಸುರಂಗ ಇತ್ತು. ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತಿತ್ತು. ರಾತ್ರಿ ಮಲಗಿದರೆ ಅದರ ಸದ್ದು ಕೇಳುತ್ತಿತ್ತು.

ಇದರ ಮೇಲೆ ಕಥೆ ಬರೆಯಬೇಕು ಅಂತ ಕೂತೆ. ಮೊದಲ ಸಲ 1,900 ಪದ ಆಯಿತು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ಅಜ್ಜನು ತನ್ನ ಕಠಿಣ ಪರಿಶ್ರಮದಿಂದ ಗುಡ್ಡವನ್ನು ಕೊರೆದು ಜಲಧಾರೆಯನ್ನು ಕಂಡುಕೊಂಡನು." ಓದಿ ಹೇಳುವಾಗ ‘ಪರಿಶ್ರಮ’ದ ಹತ್ತಿರವೇ ನನ್ನ ನಾಲಗೆ ತಡೆಯಿತು. ಇಲ್ಲಿನ ತುಂಬಾ ಮಕ್ಕಳಿಗೆ ಕನ್ನಡ ಶಾಲೆಯ ಭಾಷೆ. ಪರೀಕ್ಷೆ, ಪ್ರಶ್ನೋತ್ತರ, ತಪ್ಪಿಗೆ ಕೆಂಪು ಗೀಟು ಇರುವ ಭಾಷೆ. ಅವರಿಗೆ ಆ ವಾಕ್ಯ ಕೇಳಿದ ಕೂಡಲೇ ಪಾಠ ಶುರುವಾಯಿತು ಅಂತ ಅನಿಸುತ್ತದೆ. ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ.

ಎಷ್ಟೋ ಸಲ ಹೊಡೆದು ಬರೆದ ಮೇಲೆ ಅದು ಹೀಗಾಯಿತು: "ಅಜ್ಜ ಕೊರೆದ. ಮಣ್ಣು ಬಂತು. ಮತ್ತೆ ಕೊರೆದ. ಮತ್ತೂ ಮಣ್ಣು." ಇಲ್ಲಿ ಪುಟ ಮುಗಿಯುತ್ತದೆ. ಮಗು ಪುಟ ತಿರುಗಿಸಬೇಕು. "ತಣ್ಣಗೆ ಏನೋ ಕಾಲಿಗೆ ತಾಗಿತು."

ಚಿತ್ರಪುಸ್ತಕದಲ್ಲಿ ಈ ಪುಟ ತಿರುಗುವ ಜಾಗವೇ ಮುಖ್ಯ ಅಂತ ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಮುದ್ರಣದವರು 16 ಪುಟಕ್ಕೆ ಒಂದು ಫಾರಂ ಅನ್ನುತ್ತಾರೆ. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದರೆ ಅಷ್ಟು ಪುಟ. ಎರಡು ಫಾರಂ ಅಂದರೆ 32 ಪುಟ. ಹೆಸರಿನ ಪುಟ, ಪ್ರಕಾಶಕರ ವಿವರ ಎಲ್ಲ ಕಳೆದರೆ ಕಥೆಗೆ ಉಳಿಯುವುದು ಎದುರುಬದುರು ಪುಟಗಳ ಹದಿಮೂರು ಹದಿನಾಲ್ಕು ಜೋಡಿ. ಅಷ್ಟರಲ್ಲಿ ಗುಡ್ಡ, ಅಜ್ಜ, ದೀಪ, ಬಾವಲಿ, ನೀರು ಎಲ್ಲ ಬರಬೇಕು. ಸ್ಟೋರಿವೀವರ್ ಅಂತ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಜಾಲತಾಣವಿದೆ. ಅಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ದುಡ್ಡು ಕೊಡದೆ ಓದಬಹುದು. ನಾನು ಅಳತೆ ಕಲಿತದ್ದು ಅಲ್ಲಿಂದಲೇ. ಒಂದೊಂದು ಪುಸ್ತಕದ ಪದಗಳನ್ನು ಬೆರಳಲ್ಲಿ ಎಣಿಸಿದ್ದೇನೆ, ಬ್ಯಾಂಕಿನಲ್ಲಿ ನೋಟು ಎಣಿಸಿದ ಹಾಗೆ. ನನ್ನ ಸುರಂಗ ಈಗ 540 ಪದಕ್ಕೆ ಇಳಿದಿದೆ.

ಅದನ್ನು ಮಕ್ಕಳಿಗೆ ಓದಿದ ದಿನ ಬೇರೆಯೇ ಒಂದು ಸಂಗತಿ ನಡೆಯಿತು. ಕಾಲಿಗೆ ತಣ್ಣಗೆ ತಾಗಿದ ಜಾಗದಲ್ಲಿ ನಾನು ನಿಲ್ಲಿಸಿದೆ. ಎಲ್ಲರೂ ಉಸಿರು ಹಿಡಿದಿದ್ದರು. ಆಗ ಹಿಂದಿನಿಂದ ಒಬ್ಬ ಹೇಳಿದ: "ಹಾಗೆ ಆಗುದಿಲ್ಲ ಅಕ್ಕ. ಮೊದಲು ಕೈಗೆ ಸಿಗುದು. ಮಣ್ಣು ಒದ್ದೆ ಆಗ್ತದೆ. ಆಮೇಲೆ ನೀರು." ಅವನ ಅಜ್ಜ ಸುರಂಗ ಕೊರೆಯುವ ಕೆಲಸ ಮಾಡಿದವರು. ಅಲ್ಲಿಯವರೆಗೆ ಆ ಹುಡುಗ ಗ್ರಂಥಾಲಯದಲ್ಲಿ ಬಾಯಿ ಬಿಟ್ಟದ್ದೇ ಇರಲಿಲ್ಲ. ಆ ದಿನ ಅರ್ಧ ಗಂಟೆ ಅವನೇ ಮಾತಾಡಿದ. ಮಧ್ಯೆ ಕನ್ನಡ ಸಾಲದೆ ಹೋದಾಗ ತುಳುವಿನಲ್ಲಿ ಹೇಳಿದ. ಯಾರಿಗೂ ಅದು ತೊಂದರೆ ಅನಿಸಲಿಲ್ಲ. ನಾನು ಮನೆಗೆ ಬಂದು ಆ ಪುಟ ಬದಲಿಸಿದೆ. ಈಗ ಅಜ್ಜ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟುತ್ತಾನೆ. ಬೆರಳ ಸಂದಿಯಿಂದ ಒಂದು ಹನಿ ಇಳಿಯುತ್ತದೆ.

ನನ್ನ ಹನ್ನೊಂದು ಕಥೆಗಳಲ್ಲಿ ಅಷ್ಟು ಒಳ್ಳೆಯ ಪುಟ ಇನ್ನೊಂದಿಲ್ಲ. ಅದು ನನ್ನದೂ ಅಲ್ಲ.

ದಿನಚರಿ ಕೇಳುವವರೂ ಇದ್ದಾರೆ. ಅದರಲ್ಲಿ ಹೇಳುವಂಥದ್ದೇನಿಲ್ಲ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಆರೂಕಾಲರವರೆಗೆ ಅಡುಗೆಮನೆಯ ಮೇಜಿನಲ್ಲಿ ಬರೆಯುತ್ತೇನೆ, ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ. ಆಮೇಲೆ ದೋಸೆ, ಟಿಫಿನ್ ಡಬ್ಬಿ, ಬಸ್ಸು. ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡುವ ದಿನ ಬರೆಯುವುದಿಲ್ಲ. ಅವತ್ತು ಮೈಲುತುತ್ತು, ಸುಣ್ಣ, ಕೆಲಸದವರ ಚಹಾ, ಇಷ್ಟರಲ್ಲೇ ದಿನ ಹೋಗುತ್ತದೆ. ಅತ್ತೆ ಮೊದಮೊದಲು "ಇಷ್ಟು ಬೇಗ ಎದ್ದು ಎಂತ ಲೆಕ್ಕ ಬರೀತೀ?" ಅನ್ನುತ್ತಿದ್ದರು. ಈಗ ಬರೆದದ್ದನ್ನು ಓದಿಸಿಕೊಂಡು ಕೇಳುತ್ತಾರೆ. ಅಜ್ಜಿ ಪಾತ್ರ ಬಂದರೆ ಮಾತ್ರ ಜಗಳ. ನನ್ನ ಅಜ್ಜಿಯಂದಿರೆಲ್ಲ ತುಂಬಾ ಒಳ್ಳೆಯವರಂತೆ, ಅದು ಸುಳ್ಳಂತೆ. ಅವರು ಹೇಳುವುದು ಸರಿ.

ಇಷ್ಟು ವರ್ಷದಲ್ಲಿ ಮೂರು ಕಥೆ ಪತ್ರಿಕೆಗಳ ಮಕ್ಕಳ ಪುಟದಲ್ಲಿ ಬಂದಿವೆ. ಪುಸ್ತಕ ಒಂದೂ ಬಂದಿಲ್ಲ. ಒಬ್ಬ ಪ್ರಕಾಶಕರು ಏಳು ತಿಂಗಳು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಫೋನ್ ಮಾಡಿ "ಕಥೆ ಚೆನ್ನಾಗಿದೆ, ಆದರೆ ನೀತಿ ಎಲ್ಲಿ?" ಅಂದರು. ನೀರು ಬಂತಲ್ಲ ಸಾರ್, ಅದೇ ಅಂದೆ. ಅವರು ನಗಲಿಲ್ಲ. ಚಿತ್ರ ಬರೆಯುವವರಿಗೆ ಸರಿಯಾಗಿ ದುಡ್ಡು ಕೊಟ್ಟು, ಬಣ್ಣದಲ್ಲಿ ಅಚ್ಚು ಹಾಕಿ, ಮಗು ಕೊಳ್ಳುವ ಬೆಲೆಗೆ ಮಾರುವುದು ಕಷ್ಟ ಅಂತ ನನಗೂ ಗೊತ್ತು. ಲೆಕ್ಕ ನನ್ನ ಕಸುಬು. ಆದರೂ ಬೇಜಾರಾಗುತ್ತದೆ.

ನಮ್ಮ ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕಗಳ ಕಪಾಟು ನೋಡಿದರೆ ಹೊಟ್ಟೆಕಿಚ್ಚೂ ಆಗುತ್ತದೆ. ಮಲಯಾಳದ ಸಾಲು ಉದ್ದ, ಬಣ್ಣಬಣ್ಣ. ಕೇರಳ ಸರ್ಕಾರದ ಬಾಲಸಾಹಿತ್ಯ ಸಂಸ್ಥೆಯೇ 1981ರಿಂದ ಇದೆ. ಕನ್ನಡದ್ದು ಒಂದೂವರೆ ಸಾಲು, ಅದರಲ್ಲೂ ಅರ್ಧ ದೊಡ್ಡವರು ತಂದಿಟ್ಟ ಮಹಾಪುರುಷರ ಜೀವನ. ಜೂನ್ 19ಕ್ಕೆ ಕೇರಳದಲ್ಲಿ ವಾಚನ ದಿನ. ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ ಅದು. ಆ ವಾರ ನಮ್ಮಲ್ಲಿ ಭಾಷಣ ಜಾಸ್ತಿ, ಓದು ಕಡಿಮೆ. ಆದರೂ ಆ ಮಲಯಾಳ ಪುಸ್ತಕಗಳಿಂದ ನಾನು ಕಲಿತದ್ದು ಬಹಳ. ಹೊಟ್ಟೆಕಿಚ್ಚುಪಟ್ಟುಕೊಂಡೇ ಕಲಿತೆ.

ನಮ್ಮ ಸುತ್ತಮುತ್ತ ಮಕ್ಕಳಿಗೆ ಬರೆಯುವುದೇನೂ ಹೊಸದಲ್ಲ. ಪಂಜೆ ಮಂಗೇಶರಾಯರು ಬಂಟ್ವಾಳದವರು. 1874ರಲ್ಲಿ ಹುಟ್ಟಿದವರು, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ಇಲ್ಲೇ ಪೆರಡಾಲದಲ್ಲಿ ಮೇಷ್ಟ್ರು. ಇಬ್ಬರಿಗೂ ದಿನಾ ಮಕ್ಕಳ ಮುಖ ಕಾಣುತ್ತಿತ್ತು. ಅವರ ಪದ್ಯ ನಾಲಗೆಯಲ್ಲಿ ಸಲೀಸಾಗಿ ಹರಿಯುವುದಕ್ಕೆ ಇದೇ ಕಾರಣ ಇರಬೇಕು ಅಂತ ನನ್ನ ಅಂದಾಜು. ನನಗೆ ದಿನಾ ಕಾಣುವುದು ಸಾಲಗಾರರ ಮುಖ. ಅದಕ್ಕೇ ಭಾನುವಾರ ತಪ್ಪಿಸುವುದಿಲ್ಲ.

ದೊಡ್ಡಮ್ಮನ ಪ್ರಶ್ನೆಗೆ ಬರುತ್ತೇನೆ. ಯಾರು ಓದ್ತಾರೆ? ಸದ್ಯಕ್ಕೆ ಎಂಟೊಂಬತ್ತು ಜನ. ಮಳೆ ಜೋರಾದರೆ ನಾಲ್ಕು. ಅವರಿಗೆ ಓದಿ ಹೇಳಿದಾಗ ಸುಳ್ಳು ವಾಕ್ಯ ಯಾವುದು, ನಿಜವಾದದ್ದು ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ. ದೊಡ್ಡವರು ಮರ್ಯಾದೆಗೆ ತಲೆಯಾಡಿಸುತ್ತಾರೆ. ಮಕ್ಕಳು ಎದ್ದು ಓತಿ ನೋಡಲು ಹೋಗುತ್ತಾರೆ. ಆ ಓತಿಯನ್ನು ಸೋಲಿಸಬೇಕು ಅನ್ನುವ ಹಟ ನನಗೆ. ಇದನ್ನು ಪ್ರೇರಣೆ ಅನ್ನುತ್ತಾರೋ ಇಲ್ಲವೋ, ಬೆಳಿಗ್ಗೆ ಐದಕ್ಕೆ ಎಬ್ಬಿಸುವುದು ಇದೇ.

ಈಗ ಸುರಂಗದ ಕಥೆ ಮೂರನೆಯ ಪ್ರಕಾಶಕರ ಹತ್ತಿರ ಇದೆ. ಅವರಿಗೆ ಇಷ್ಟವಾಗಿದೆ. ಮುಂದೇನು ಅಂತ ಗೊತ್ತಿಲ್ಲ. ಮೊನ್ನೆ ಅವರ ಸಂಪಾದಕಿ ಮೇಲ್ ಕಳಿಸಿದ್ದಾರೆ. ‘ದಂಬೆ’ ಅನ್ನುವುದು ಬೇರೆ ಕಡೆಯ ಮಕ್ಕಳಿಗೆ ತಿಳಿಯಲಿಕ್ಕಿಲ್ಲ, ‘ಕೊಳವೆ’ ಅಂತ ಮಾಡೋಣವೇ ಅಂತ ಕೇಳಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಾರೆ. ಆದರೆ ದಂಬೆ ಕೊಳವೆಯಲ್ಲ. ಅದರ ಮೇಲ್ಭಾಗ ತೆರೆದಿರುತ್ತದೆ, ಹರಿಯುವ ನೀರು ಕಾಣುತ್ತದೆ, ಮಗು ಅದರಲ್ಲಿ ಎಲೆಯ ದೋಣಿ ಬಿಡಬಹುದು. ಮತ್ತೆ, ನಮ್ಮ ಮಕ್ಕಳು ಕಂಡಿರುವುದು ಗದ್ದೆ, ತೋಟ, ಗುಡ್ಡೆ. ಅವರೂ ‘ಹೊಲ’ ಅಂದರೆ ಏನು ಅಂತ ಪುಸ್ತಕದಲ್ಲೇ ಓದಿ ತಿಳಿದುಕೊಂಡವರು.

"ಚಿತ್ರದಲ್ಲಿ ಕಾಣುತ್ತದಲ್ಲ ಮೇಡಂ, ದಂಬೆ ಅಂತಲೇ ಇರಲಿ" ಅಂತ ಉತ್ತರ ಟೈಪ್ ಮಾಡಿ ಇಟ್ಟಿದ್ದೇನೆ. ಮೂರು ದಿನ ಆಯಿತು. ಇನ್ನೂ ಕಳಿಸಿಲ್ಲ.