ಬಾವಿ ನೀರಿನಲ್ಲಿ ಕೆಟ್ಟ ಸೀರಮ್

ಕೊಡಗಿನ ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ ನಾನು ಮೊದಲ ಬಾರಿ ತಯಾರಿಸಿದ, ಮುಖಕ್ಕೆ ಹಚ್ಚುವ ವಿಟಮಿನ್ ಸಿ ಸೀರಮ್ ಒಂಬತ್ತೇ ದಿನಗಳಲ್ಲಿ ಬೆಲ್ಲದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅದನ್ನು ಚೆಲ್ಲುತ್ತಿದ್ದಾಗ ಚಿಕ್ಕಮ್ಮ, “ಕಾಚಂಪುಳಿ ಕಪ್ಪಾದಷ್ಟೂ ಒಳ್ಳೇದು, ಇದನ್ಯಾಕೆ ಚೆಲ್ತೀಯಾ?” ಎಂದರು. ಅಡುಗೆಯ ಹುಳಿಗಾಗಿ ಕಾಚಂಪುಳಿ ಹಣ್ಣಿನ ರಸವನ್ನು ಒಲೆಯ ಮೇಲೆ ಗಂಟೆಗಟ್ಟಲೆ ಬತ್ತಿಸಿ ಕಪ್ಪಾಗಿಸುವ ಊರಿನಲ್ಲಿ ಈ ಪ್ರಶ್ನೆ ಸಹಜವೇ. ಆದರೆ ಸೀರಮ್ ಕಪ್ಪಾಯಿತೆಂದರೆ ಅದರಲ್ಲಿದ್ದ ಆಸ್ಕಾರ್ಬಿಕ್ ಆಮ್ಲವು, ಅಂದರೆ ವಿಟಮಿನ್ ಸಿ, ಗಾಳಿಯ ಆಮ್ಲಜನಕದೊಡನೆ ಸೇರಿ ಮೊದಲು ಡಿಹೈಡ್ರೋಆಸ್ಕಾರ್ಬಿಕ್ ಆಮ್ಲವಾಗಿ, ಅಲ್ಲಿಂದ ಮತ್ತೆ ಹಿಂದಿರುಗಲಾರದಂತೆ ಒಡೆದುಹೋಗಿದೆ ಎಂದೇ ಅರ್ಥ.

ನಾನು ಬಳಸಿದ್ದು ಕುದಿಸಿ ಆರಿಸಿದ ಬಾವಿ ನೀರು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಕರಗಿರುವ ಕಬ್ಬಿಣವೆಲ್ಲ ಹೋಗುವುದಿಲ್ಲ. ನಮ್ಮ ಬಚ್ಚಲಿನ ಬಿಳಿ ಟೈಲ್ಸ್ ಮೇಲೆ ನೀರು ಹರಿಯುವ ಜಾಡಿನಲ್ಲಿ ಬಿದ್ದಿರುವ ಕೆಂಪು ಕಲೆಯನ್ನು ದಿನವೂ ಉಜ್ಜುತ್ತಿದ್ದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಕಬ್ಬಿಣ ಮತ್ತು ತಾಮ್ರದ ಅಯಾನುಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಈ ಆಕ್ಸಿಡೀಕರಣವನ್ನು ಬಹಳ ಚುರುಕುಗೊಳಿಸುತ್ತವೆ. ಅಂದಿನಿಂದ ನಾನು ಭಟ್ಟಿ ಇಳಿಸಿದ ನೀರು ಮತ್ತು ಗಾಜಿನ ಪಾತ್ರೆಗಳನ್ನು ಬಿಟ್ಟು ಬೇರೇನನ್ನೂ ಬಳಸುತ್ತಿಲ್ಲ.

ಈಗ ಅನುಸರಿಸುತ್ತಿರುವುದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮತಜ್ಞ ಶೆಲ್ಡನ್ ಪಿನ್ನೆಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಮಾಣ: ಶೇ. 15 ಎಲ್-ಆಸ್ಕಾರ್ಬಿಕ್ ಆಮ್ಲ, ಶೇ. 1 ವಿಟಮಿನ್ ಇ, ಶೇ. 0.5 ಫೆರುಲಿಕ್ ಆಮ್ಲ. ಫೆರುಲಿಕ್ ಆಮ್ಲವು ಉಳಿದೆರಡನ್ನೂ ಸ್ಥಿರಗೊಳಿಸುವುದಲ್ಲದೆ, ಬಿಸಿಲಿನಿಂದ ಚರ್ಮಕ್ಕೆ ದೊರೆಯುವ ರಕ್ಷಣೆಯನ್ನು ಸುಮಾರು ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿಸಿತೆಂದು ಅವರು ಕಂಡುಕೊಂಡಿದ್ದರು. 30 ಗ್ರಾಂ ಸೀರಮ್‌ಗೆ ಕ್ರಮವಾಗಿ 4.5, 0.3 ಮತ್ತು 0.15 ಗ್ರಾಂ ಬೇಕಾಗುವುದರಿಂದ ಅಡುಗೆಮನೆಯ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು, 0.01 ಗ್ರಾಂವರೆಗೆ ತೋರಿಸುವ ಚಿಕ್ಕ ತಕ್ಕಡಿಯೇ ಬೇಕು.

ಹೆಚ್ಚು ಕಾಡಿಸಿದ್ದು ಫೆರುಲಿಕ್ ಆಮ್ಲ. ಅದು ತಣ್ಣೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಜುಲೈ ಚಳಿಯಲ್ಲಿ ಮಾಡಿದ ಎರಡನೆಯ ಸೀರಮ್‌ನಲ್ಲಿ ಅದು ಮರುದಿನ ಬೆಳಿಗ್ಗೆ ಸೂಜಿಯಂಥ ಹರಳುಗಳಾಗಿ ಬಾಟಲಿಯ ತಳದಲ್ಲಿ ಕುಳಿತಿತ್ತು. ಈಗ ಅದನ್ನು 6 ಗ್ರಾಂ ಈಥಾಕ್ಸಿಡೈಗ್ಲೈಕಾಲ್ ಎಂಬ ದ್ರಾವಕದಲ್ಲಿ ಮೊದಲೇ ಕರಗಿಸಿ, ವಿಟಮಿನ್ ಇ ಹಾಗೂ ಎಣ್ಣೆಯಂಶವನ್ನು ನೀರಿನಲ್ಲಿ ಬೆರೆಯಿಸುವ ಪಾಲಿಸಾರ್ಬೇಟ್ 80 ಅನ್ನು 0.9 ಗ್ರಾಂ ಬೆರೆಸಿಡುತ್ತೇನೆ. ಆಸ್ಕಾರ್ಬಿಕ್ ಆಮ್ಲವನ್ನು ಸುಮಾರು 18 ಗ್ರಾಂ ನೀರಿನಲ್ಲಿ ಬೇರೆಯಾಗಿ ಕರಗಿಸಿ, ಎರಡನ್ನೂ ನಿಧಾನವಾಗಿ ಸೇರಿಸುತ್ತೇನೆ. ಕೊನೆಗೆ 0.24 ಗ್ರಾಂ ಫೀನಾಕ್ಸಿಎಥನಾಲ್ ಹಾಕುವುದು ಬೂಷ್ಟು ಬರದಿರಲೆಂದು. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ.

ಈ ದ್ರಾವಣದ ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) ಆರಂಭದಲ್ಲಿ 2ರ ಆಸುಪಾಸಿನಲ್ಲಿದ್ದು ಚರ್ಮವನ್ನು ಉರಿಸುತ್ತದೆ, 3.5ನ್ನು ಮೀರಿದರೆ ವಿಟಮಿನ್ ಚರ್ಮದೊಳಗೆ ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಅಡುಗೆ ಸೋಡಾವನ್ನು ಸಾಸಿವೆಯಷ್ಟೇ ಸಾಸಿವೆಯಷ್ಟೇ ಹಾಕಿ, ನೊರೆ ಅಡಗಿದ ಮೇಲೆ ಪಿಎಚ್ ಪಟ್ಟಿ ಅದ್ದಿ ನೋಡುತ್ತಾ 3ಕ್ಕೆ ತಂದು ನಿಲ್ಲಿಸುತ್ತೇನೆ. ಕೊಡಗಿನ ಕಿತ್ತಳೆಯ ಸಿಪ್ಪೆಯನ್ನೋ ನಿಂಬೆಯ ರಸವನ್ನೋ ನೇರವಾಗಿ ಮುಖಕ್ಕೆ ಹಚ್ಚಬಹುದಲ್ಲ ಎನ್ನುವವರಿದ್ದಾರೆ. ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದಾದ್ದರಿಂದ ನಾನು ಆ ದಾರಿ ಹಿಡಿಯಲಿಲ್ಲ.

ಕಂದು ಬಣ್ಣದ ಗಾಜಿನ ಬಾಟಲಿಗಳಲ್ಲಿ ಕುತ್ತಿಗೆಯವರೆಗೆ ತುಂಬಿ ಫ್ರಿಜ್ಜಿನಲ್ಲಿಡುತ್ತೇನೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಿರುವುದರಿಂದ ಆಗ 10 ಗ್ರಾಂ ಮಾತ್ರ ಮಾಡುತ್ತೇನೆ. ಹೊಸದಾಗಿ ಮಾಡಿದ್ದನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯುತ್ತೇನೆ. ಆಮೇಲೆ ವಾರಕ್ಕೊಮ್ಮೆ ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ಬಿಟ್ಟು ನೋಡುತ್ತೇನೆ: ತಿಳಿ ಹಳದಿಯಾಗಿದ್ದರೆ ಮುಖಕ್ಕೆ, ಜೇನಿನ ಬಣ್ಣಕ್ಕೆ ತಿರುಗಿದ್ದರೆ ಬಚ್ಚಲಿಗೆ.