ನಕ್ಷೆಯಲ್ಲಿ ನೀರಿತ್ತು, ಪೂಲಿನಲ್ಲಿ ಇರಲಿಲ್ಲ

ಬಾತುಕೋಳಿ ಬೇಟೆಯ ಸೀಸನ್ ಶುರುವಾದ ವಾರ ಬೇಟೆಗಾರರ ಜೊತೆ ನಡೆದ ಆ ಮೀಟಿಂಗ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಮೆರಿಕದ ಮಿಡ್‌ವೆಸ್ಟ್‌ನ ಒಂದು ರಾಜ್ಯದ ವನ್ಯಜೀವಿ ಇಲಾಖೆಗೆ ನಾನು ಕಾಂಟ್ರಾಕ್ಟ್ ಮೇಲೆ ಜಿಐಎಸ್ (ಕಂಪ್ಯೂಟರ್ ನಕ್ಷೆ) ಕೆಲಸ ಮಾಡುತ್ತೇನೆ. ಬೇಟೆಗಾರರು ಫೋನಿನಲ್ಲಿ ನೋಡುವ ನಕ್ಷೆ ನಮ್ಮ ಟೀಮಿನದು. ಗೇಟು, ಪಾರ್ಕಿಂಗ್, ಗಡಿ, ಪೂಲು (ಏರಿ ಕಟ್ಟಿ ನೀರು ನಿಲ್ಲಿಸುವ ಜೌಗು ಕೆರೆ) ಎಲ್ಲ ಅದರಲ್ಲೇ.

ಪೂಲಿನ ನೀರನ್ನು ಬೇಸಿಗೆಯಲ್ಲಿ ಬೇಕೆಂದೇ ಇಳಿಸುತ್ತಾರೆ. ಒದ್ದೆ ಮಣ್ಣಿನಲ್ಲಿ ಸ್ಮಾರ್ಟ್‌ವೀಡ್, ಊದಲಿನ ಜಾತಿಯ ಹುಲ್ಲು ಬೆಳೆದು ಬೀಜ ಕಟ್ಟುತ್ತವೆ. ಸೀಸನ್ನಿಗೆ ಮುಂಚೆ ಸ್ಟಾಪ್‌ಲಾಗ್ (ನೀರು ತಡೆಯುವ ಹಲಗೆ) ಹಾಕಿ, ಪಂಪ್ ಮಾಡಿ ನೀರು ತುಂಬಿಸಿದರೆ ಬಾತುಗಳು ಆ ಬೀಜಕ್ಕೆ ಇಳಿಯುತ್ತವೆ. ಒಳ್ಳೆಯ ಪದ್ಧತಿ. ಆದರೆ ಆ ವರ್ಷ ಪಂಪ್ ರಿಪೇರಿಯ ಟೆಂಡರ್ ಮೇಲಿನವರ ಟೇಬಲ್ ಮೇಲೇ ಕೂತಿತ್ತು. ಪೂಲು ಒಣಗಿತ್ತು. ನಕ್ಷೆ ಮಾತ್ರ ನೀಲಿ. ಜನ ನಡುರಾತ್ರಿ ಎದ್ದು, ದೋಣಿ, ಡೆಕಾಯ್ (ಬಾತುಗಳನ್ನು ಸೆಳೆಯುವ ನಕಲಿ ಬಾತು) ಹೇರಿಕೊಂಡು ಬಂದು ಕೆಸರು ನೋಡಿ ವಾಪಸ್ ಹೋದರು.

ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: ‘ಮಾಹಿತಿ ಎಲ್ಲಾ ಆನ್‌ಲೈನ್ ಇದೆ.’ ಆಗ ಹಿಂದಿನ ಸಾಲಿನಿಂದ ವಯಸ್ಸಾದವರೊಬ್ಬರು ಎದ್ದು ಬಂದರು. ಫೋನನ್ನು ನಮ್ಮ ಟೇಬಲ್ ಮೇಲಿಟ್ಟರು. ಉಗುರಿನ ಸಂದಿಯಲ್ಲಿ ಇನ್ನೂ ಕೆಸರು. ಆ ಬೆರಳನ್ನೇ ನೀಲಿ ಬಣ್ಣದ ಮೇಲಿಟ್ಟು, ‘ಇದು ಯಾವತ್ತಿನ ನೀರು?’ ಅಂದರು.

ಯಾರೂ ಬಾಯಿ ಬಿಡಲಿಲ್ಲ. ಅವರೇ ಮುಂದುವರಿಸಿದರು. ‘ಲೈಸೆನ್ಸ್ ದುಡ್ಡು ನಮ್ಮದು. ಬಾತು ಬೇಟೆಗೆ ಬೇಕಾದ 25 ಡಾಲರಿನ ಡಕ್ ಸ್ಟಾಂಪ್ ನಮ್ಮದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ವನ್ಯಜೀವಿ ರಕ್ಷಣೆಗೆ ಅಂತ ಕಾಡತೂಸಿನ ಮೇಲೆ 11% ತೆರಿಗೆ, ಅದೂ ನಮ್ಮ ಜೇಬಿನಿಂದಲೇ. ರಾಜ್ಯಕ್ಕೆ ಅದರ ಪಾಲು ಹಂಚುವಾಗ ಲೈಸೆನ್ಸ್ ತಗೊಂಡವರ ತಲೆ ಎಣಿಸ್ತೀರಿ. ಪೂಲು ಒಣಗಿದಾಗ ಹೇಳೋಕೆ ಮಾತ್ರ ನಾವು ನೆನಪಾಗಲ್ಲ, ಅಲ್ವಾ?’

ಒಂದಕ್ಷರವೂ ಸುಳ್ಳಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಪೂಲುಗಳ ನೀರಿನ ಮಟ್ಟ ತೋರಿಸುವ ಗೇಜ್ ಲೇಯರ್ ತೆರೆದೇ ಇತ್ತು. ಸೆಪ್ಟೆಂಬರಿನ ರೀಡಿಂಗ್: ಸೊನ್ನೆ. ಅದನ್ನು ಪಬ್ಲಿಕ್ ಮಾಡೋಣ ಅಂತ ನಾನು ಹಾಕಿದ್ದ ಟಿಕೆಟ್ಟನ್ನು, ಅಂದರೆ ಕೆಲಸದ ಕೋರಿಕೆಯನ್ನು, ‘ಜನಕ್ಕೆ ಗೊಂದಲವಾಗುತ್ತದೆ’ ಅಂತ ಬರೆದು ಮುಚ್ಚಿದ್ದರು. ಮ್ಯಾನೇಜರ್ ನನ್ನ ಕಡೆ ನೋಡಿ ಬೇಡ ಅನ್ನುವಂತೆ ತಲೆ ಆಡಿಸಿದರು. ನಾನು ಲ್ಯಾಪ್‌ಟಾಪನ್ನು ಆ ವಯಸ್ಸಾದವರ ಕಡೆ ತಿರುಗಿಸಿದೆ.

ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಕೂಗಲಿಲ್ಲ. ‘ಹಾಗಾದ್ರೆ ನಿಮಗೆ ಗೊತ್ತಿತ್ತು’ ಅಂದರು, ಅಷ್ಟೇ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಮೇಲೆ ನಮ್ಮ ಬಯಾಲಜಿಸ್ಟ್ ಎದ್ದು ನಿಂತು ಪಂಪಿನ ಕಥೆ, ಬೀಜದ ಲೆಕ್ಕ ಎಲ್ಲ ಬಿಡಿಸಿ ಹೇಳಿದರು. ಹಾಲ್ ತುಂಬ ಜನ ಸುಮ್ಮನೆ ಕೂತು ಕೇಳಿದರು. ಪಂಪ್ ಯಾವಾಗ ಬರುತ್ತೆ, ಪಕ್ಕದ ಪೂಲಿಗೆ ನೀರು ತಿರುಗಿಸಬಹುದಾ, ಏರಿ ಮೇಲಿನ ಗಿಡ ನಾವೇ ಕಡಿಯಲಾ ಅಂತ ಕೇಳಿದರು. ಈ ಜಾಗ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೇಲಿನವರಿಗೆ ಇದು ಯಾಕೆ ಅರ್ಥವಾಗುವುದಿಲ್ಲವೋ! ಹುಲ್ಲಿಗೆ ಬೆಂಕಿ ಕೊಡುವುದು, ಮರ ಕಡಿಸುವುದು, ಗೇಟಿಗೆ ಬೀಗ ಹಾಕುವುದು, ಎಲ್ಲಕ್ಕೂ ಕಾರಣ ಇರುತ್ತದೆ. ಕಾರಣ ಹೇಳಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಗೇಜ್ ಲೇಯರ್ ಈಗ ಪಬ್ಲಿಕ್. ಪ್ರತಿ ಪೂಲಿನ ಪಕ್ಕ ರೀಡಿಂಗ್ ತೆಗೆದ ತಾರೀಖು ಕಾಣುತ್ತದೆ. ಬೀಗ ಹಾಕಿದ ಗೇಟುಗಳ ಲೇಯರಿಗೆ ಇನ್ನೂ ಅಪ್ರೂವಲ್ ಸಿಕ್ಕಿಲ್ಲ. ಜಿಂಕೆ ಸೀಸನ್ ಶುರುವಾಗುವುದರೊಳಗೆ ಅದೂ ಆಗಲೇಬೇಕು ಅಂತ ಟಿಕೆಟ್ಟನ್ನು ಮತ್ತೆ ತೆರೆದಿದ್ದೇನೆ.