ಬೋರಲು ಹಾಕಿ ನೋಡಿದ ಕಾಲ್ಮಣೆ

ನನ್ನ ಬಳಿ ಇರುವ ಎರಕದ ಕಬ್ಬಿಣದ ಹಳೆಯ ಕಾಲ್ಮಣೆಯನ್ನು ಮೊದಲ ಎರಡು ವರ್ಷ ನಾನು ಮೇಲಿನಿಂದಷ್ಟೇ ನೋಡಿದ್ದೆ. ಸುಮಾರು ಒಂದಡಿ ಉದ್ದದ ಚೌಕಟ್ಟು, ಹೊರಕ್ಕೆ ಬಾಗಿ ತುದಿಯಲ್ಲಿ ಬಳ್ಳಿಯ ಕುಡಿಯಂತೆ ಸುರುಳಿಗೊಂಡ ನಾಲ್ಕು ಕಾಲುಗಳು, ಮೇಲೆ ಮಾಸಿದ ಕೆಂಪು ಮಖಮಲ್ಲಿನ ಮೆತ್ತೆ: ಇಷ್ಟೇ ನನಗೆ ಗೊತ್ತಿದ್ದದ್ದು. ಒಂದು ಸಂಜೆ ಅದರ ಒಂದು ಕಾಲು ಅಲುಗಾಡುತ್ತಿದೆ ಎನಿಸಿ, ತಿರುಪು ಬಿಗಿ ಮಾಡೋಣವೆಂದು ಅದನ್ನು ಬೋರಲು ಹಾಕಿದೆ. ಆವತ್ತು ಒಂದು ಗಂಟೆಗೂ ಹೆಚ್ಚು ಹೊತ್ತು ಅದು ಹಾಗೆಯೇ ನನ್ನ ಮೇಜಿನ ಮೇಲೆ ಕಾಲು ಮೇಲೆ ಮಾಡಿಕೊಂಡಿತ್ತು. ಈ ಬಗೆಯ ಪೀಠೋಪಕರಣದ ವಯಸ್ಸು, ಅದನ್ನು ಮಾಡಿದ ಕೈಗಳ ಶ್ರದ್ಧೆ, ಅದು ಮೂಲವೋ ನಕಲೋ ಎಂಬ ಪ್ರಶ್ನೆಯ ಉತ್ತರ, ಎಲ್ಲವೂ ಅಡಿಯ ಭಾಗದಲ್ಲಿರುತ್ತವೆ ಎಂಬುದು ನನಗೆ ತಿಳಿದದ್ದು ಆಗಲೇ.

ಕಾಲಿಡಲೆಂದೇ ಒಂದು ಪೀಠವನ್ನು ಮಾಡುವ ರೂಢಿ ಬಹಳ ಹಳೆಯದು. 1922ರಲ್ಲಿ ಪತ್ತೆಯಾದ ಪ್ರಾಚೀನ ಅರಸ ಟುಟಂಖಾಮನ್‌ನ ಸಮಾಧಿಯಲ್ಲಿ ದೊರೆತ ಪಾದಪೀಠಗಳ ಮೇಲೆ ಈಜಿಪ್ಟಿನ ಶತ್ರುಗಳ ಚಿತ್ರಗಳಿವೆ. ಅರಸನು ಕುಳಿತಾಗಲೆಲ್ಲ ವೈರಿಗಳನ್ನು ಮೆಟ್ಟಿದಂತಾಗಲಿ ಎಂಬುದು ಅದರ ಹಿಂದಿನ ಆಶಯ. ಯುರೋಪಿನ ಮನೆಗಳಲ್ಲಿ ಕಾರಣ ಇಷ್ಟು ಗಂಭೀರವಾಗಿರಲಿಲ್ಲ. ಬಾಗಿಲ ಸಂದಿಯಿಂದ ನುಗ್ಗುವ ತಣ್ಣನೆಯ ಗಾಳಿ ನೆಲದ ಮಟ್ಟದಲ್ಲೇ ಹರಿಯುತ್ತಿದ್ದುದರಿಂದ, ಅಗ್ಗಿಷ್ಟಿಕೆಯ ಮುಂದೆ ಕುಳಿತವರಿಗೂ ಪಾದಗಳನ್ನು ಗೇಣುದ್ದ ಮೇಲಕ್ಕೆ ಎತ್ತಿಟ್ಟುಕೊಳ್ಳುವುದು ಅಗತ್ಯವಾಗಿತ್ತು. ಆಟೊಮನ್ ಎಂಬ ಆಸನದ ಮೂಲ ಬೇರೆ. ಹೆಸರೇ ಹೇಳುವಂತೆ, ಅದು ತುರ್ಕರ ಆಟೊಮನ್ ಸಾಮ್ರಾಜ್ಯದ ಕಡೆಯಿಂದ ಬಂದ ಕಲ್ಪನೆ; ಬೆನ್ನೊರಗೂ ಕೈಗಳೂ ಇಲ್ಲದ, ಮೆತ್ತೆ ತುಂಬಿದ ತಗ್ಗು ಆಸನವಾಗಿ 18ನೆಯ ಶತಮಾನದಲ್ಲಿ ಯುರೋಪಿನ ದಿವಾನಖಾನೆಗಳನ್ನು ಹೊಕ್ಕು, ಕಾಲಕ್ರಮದಲ್ಲಿ ಕುಗ್ಗುತ್ತಾ ಕಾಲ್ಮಣೆಯ ನೆರೆಗೆ ಬಂದು ನಿಂತಿತು. ಈಗ ಹಳೆಯ ವಸ್ತುಗಳನ್ನು ಮಾರುವವರು ಎರಡು ಹೆಸರನ್ನೂ ಒಂದಕ್ಕೊಂದು ಬದಲಿಯಾಗಿ ಬಳಸುತ್ತಾರೆ. ನಾನು ಮಾತ್ರ ಒಬ್ಬರು ಕೂರಬಹುದಾದಷ್ಟು ಅಗಲವಿದ್ದರೆ ಆಟೊಮನ್ ಎಂದೂ, ಪಾದಗಳಿಗಷ್ಟೇ ಜಾಗವಿದ್ದರೆ ಕಾಲ್ಮಣೆ ಎಂದೂ ಕರೆಯುತ್ತೇನೆ.

ಇವುಗಳಿಗೆ ಕಬ್ಬಿಣವೇ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಆ ಲೋಹದ ಗುಣದಲ್ಲೇ ಇದೆ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಅದರಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲು ಇಂಗಾಲ ಸೇರಿದಾಗ ಅದು ಸುಮಾರು 1,200 ಡಿಗ್ರಿಯ ಆಸುಪಾಸಿನಲ್ಲೇ ಕರಗಿ, ತೆಳ್ಳಗೆ ಹರಿದು, ಅಚ್ಚಿನ ಮೂಲೆಮೂಲೆಗೂ ಇಳಿಯುತ್ತದೆ. ಎಲೆಯ ನರ, ಸಿಂಹದ ಪಂಜದ ಉಗುರು, ದ್ರಾಕ್ಷಿಗೊಂಚಲಿನ ಒಂದೊಂದು ಹಣ್ಣು, ಎಲ್ಲವೂ ಒಂದೇ ಹೊಯ್ತಕ್ಕೆ ಮೂಡುತ್ತವೆ. ಮರಗೆಲಸದವನು ಪ್ರತಿಯೊಂದು ಕಾಲನ್ನೂ ಹೊಸದಾಗಿ ಕೆತ್ತಬೇಕು. ಎರಕದವನಿಗೆ ಒಮ್ಮೆ ಕೆತ್ತಿದ ಮಾದರಿ ಸಾಕು. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿಯು ಮರದ ಇದ್ದಿಲಿನ ಬದಲು ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಸಿ ಕಬ್ಬಿಣವನ್ನು ಕರಗಿಸಿ ತೆಗೆದ ಮೇಲೆ ಈ ಲೋಹ ಅಗ್ಗವಾಗುವ ದಾರಿ ತೆರೆಯಿತು. ಜರ್ಮನಿಯಲ್ಲಿ ವಾಸ್ತುಶಿಲ್ಪಿ ಕಾರ್ಲ್ ಫ್ರೀಡ್ರಿಕ್ ಶಿಂಕೆಲ್ 19ನೆಯ ಶತಮಾನದ ಪೂರ್ವಾರ್ಧದಲ್ಲೇ ತೋಟದ ಕುರ್ಚಿಗಳನ್ನು ಎರಕದ ಕಬ್ಬಿಣಕ್ಕೆಂದು ರೂಪಿಸಿದ್ದನು. 1851ರ ಲಂಡನ್ನಿನ ಮಹಾ ಪ್ರದರ್ಶನದ ಹೊತ್ತಿಗೆ ಕಬ್ಬಿಣ ದಿವಾನಖಾನೆಯೊಳಕ್ಕೂ ಬಂದಿತ್ತು. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ಅಮೆರಿಕನ್ ಚೇರ್ ಕಂಪನಿಯು ಥಾಮಸ್ ವಾರೆನ್ ರೂಪಿಸಿದ ಕಬ್ಬಿಣದ ಸ್ಪ್ರಿಂಗ್ ಕುರ್ಚಿಯನ್ನು ಅಲ್ಲಿ ಪ್ರದರ್ಶಿಸಿತು. ಕುರ್ಚಿಗೆ ಒಗ್ಗಿದ ಕಬ್ಬಿಣ ಕಾಲ್ಮಣೆಗೂ ಒಗ್ಗಿತು. ತಗ್ಗಾದ, ಸಣ್ಣದಾದ, ಒದ್ದರೂ ಬೀಳಬಾರದ ವಸ್ತುವಿಗೆ ಈ ಭಾರ ಹೊರೆಯಲ್ಲ, ಅನುಕೂಲ.

ಈ ಜಾತಿಯಲ್ಲೇ ನನಗೆ ಬಹಳ ಇಷ್ಟವಾದದ್ದು ಪೀಕದಾನಿಯನ್ನು ಒಳಗೆ ಬಚ್ಚಿಟ್ಟುಕೊಂಡ ಕಾಲ್ಮಣೆ. ನೋಡಲು ಕಸೂತಿ ಬಟ್ಟೆಯ ಮೆತ್ತೆ ಹೊದ್ದ ಸಾಮಾನ್ಯ ಪೀಠ. ಮುಚ್ಚಳವನ್ನು ಮೇಲೆತ್ತಿದರೆ ಒಳಗೆ ಬಟ್ಟಲು. ತಂಬಾಕು ಅಗಿಯುವವರಿರುವ ಮನೆಯಲ್ಲಿ ಅತಿಥಿಗಳ ಕಣ್ಣಿಗೆ ಪೀಕದಾನಿ ಬೀಳದಿರಲಿ ಎಂಬ ಸಂಕೋಚದಿಂದ ಹುಟ್ಟಿದ ಉಪಾಯವದು. ಇದರ ಸೋದರನಂತೆ ಆಮೆಯ ಆಕಾರದ ಪೀಕದಾನಿಯೂ ಇತ್ತು. ಕಾಲಿನಿಂದ ಆಮೆಯ ತಲೆಯನ್ನು ಒತ್ತಿದರೆ ಚಿಪ್ಪು ತೆರೆದುಕೊಳ್ಳುತ್ತಿತ್ತು. ಇಂಥ ಪೀಠವನ್ನು ಕೊಂಡವರು ಮೊದಲು ಬಟ್ಟಲು ಮೂಲದ್ದೇ ಎಂದು ನೋಡುತ್ತಾರೆ. ನಾನಾದರೆ ಮೊದಲು ಕೀಲನ್ನು ನೋಡುತ್ತೇನೆ. ಸಾವಿರಾರು ಬಾರಿ ತೆರೆದು ಮುಚ್ಚಿದ ಕೀಲಿನ ತೂತು ಒಂದು ಬದಿಗೆ ಸವೆದು ಮೊಟ್ಟೆಯಾಕಾರ ತಾಳಿರುತ್ತದೆ, ಮತ್ತು ಆ ಸವೆತವನ್ನು ಸುಳ್ಳಾಗಿ ಮೂಡಿಸುವುದು ಸುಲಭವಲ್ಲ.

ನನ್ನ ಕಾಲ್ಮಣೆಯ ಅಡಿಭಾಗಕ್ಕೆ ಮರಳುತ್ತೇನೆ. ಮರಳಿನ ಅಚ್ಚು ಎರಡು ಭಾಗಗಳಲ್ಲಿರುತ್ತದೆ. ಮಾದರಿಯನ್ನು ಮರಳಿನಲ್ಲಿ ಅದುಮಿ ತೆಗೆದು, ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವಿನ ಟೊಳ್ಳಿಗೆ ಕರಗಿದ ಕಬ್ಬಿಣವನ್ನು ಹೊಯ್ಯುತ್ತಾರೆ. ಪೆಟ್ಟಿಗೆಗಳು ಕೂಡುವ ಸಂದಿನಲ್ಲಿ ಲೋಹ ತುಸು ಹೊರಚೆಲ್ಲಿ, ತಣಿದ ಮೇಲೆ ಅಲ್ಲೊಂದು ತೆಳುವಾದ ಏಣು ಉಳಿಯುತ್ತದೆ. ಹಿಂದಿನ ಒಳ್ಳೆಯ ಫೌಂಡ್ರಿಗಳಲ್ಲಿ ಈ ಏಣನ್ನು ಅರದಿಂದ ಉಜ್ಜಿ ಸಪಾಟು ಮಾಡುತ್ತಿದ್ದರು. ನನ್ನ ಪೀಠದ ಕಾಲುಗಳ ಹೊರಮೈಯಲ್ಲಿ ಏಣು ಸಂಪೂರ್ಣ ಮಾಯವಾಗಿದೆ. ಒಳಮೈಯಲ್ಲಿ, ಯಾರೂ ನೋಡದ ಕಡೆ, ಅರದ ಓರೆಗೆರೆಗಳು ಇನ್ನೂ ಇವೆ. ಮೈ ಕೂಡ ಬಹಳ ನಯ. ಕಲ್ಲಿದ್ದಲಿನ ಪುಡಿ ಬೆರೆಸಿದ ನುಣ್ಣನೆಯ ಮರಳನ್ನು ಮಾದರಿಗೆ ತಾಗುವಂತೆ ಮೊದಲು ಹರಡಿ, ಒರಟು ಮರಳನ್ನು ಅದರ ಹಿಂದೆ ತುಂಬುವ ತಾಳ್ಮೆ ಇದ್ದಾಗ ಮಾತ್ರ ಹೀಗೆ ಬರುತ್ತದೆ. ಈಚೆಗೆ ಅವಸರದಲ್ಲಿ ಎರಕ ಹೊಯ್ದ ಅಲಂಕಾರದ ವಸ್ತುಗಳಲ್ಲಿ ಬೆರಳಿಗೆ ರವೆಯಂತೆ ತಾಗುವ ಮೈಯೂ, ಹಾಗೆಯೇ ಬಿಟ್ಟ ಏಣೂ, ಅವನ್ನು ಮರೆಸಲು ದಪ್ಪನೆ ಬಳಿದ ಕಪ್ಪು ಬಣ್ಣವೂ ಕಾಣುತ್ತವೆ.

ಜೋಡಣೆಯೂ ಮಾತಾಡುತ್ತದೆ. ನನ್ನದರಲ್ಲಿ ಚೌಕ ನಟ್ಟುಗಳಿವೆ, ತಿರುಪುಗಳ ತಲೆಯಲ್ಲಿ ಒಂದೇ ಸೀಳು. ಕೂಡುಗುರುತಿನ ಫಿಲಿಪ್ಸ್ ತಿರುಪು ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಆದ್ದರಿಂದ ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಹೇಳುವ ಪೀಠದಲ್ಲಿ ಅದು ಕಂಡರೆ ಯಾರೋ ನಡುವೆ ರಿಪೇರಿ ಮಾಡಿದ್ದಾರೆ ಇಲ್ಲವೇ ಪೀಠವೇ ಹೊಸದು. ಅಯಸ್ಕಾಂತವನ್ನು ಹಿಡಿದು ನೋಡುವುದಂತೂ ಅರೆಕ್ಷಣದ ಕೆಲಸ. ಅಲ್ಯೂಮಿನಿಯಂ ನಕಲಿಗೆ ಅದು ಅಂಟುವುದಿಲ್ಲ, ಎತ್ತಿದ ಕೈಗೂ ಆ ಹಗುರತನ ತಿಳಿಯುತ್ತದೆ.

ಒಂದು ಕಾಲಿನ ಒಳಮೈಯಲ್ಲಿ ವಜ್ರಾಕಾರದ ಸಣ್ಣ ಮುದ್ರೆಯೊಂದು ಕಂಡಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಬ್ರಿಟನ್ನಿನಲ್ಲಿ 1842ರಿಂದ 1883ರವರೆಗೆ ನೋಂದಾಯಿತ ವಿನ್ಯಾಸಗಳಿಗೆ ಹಾಕುತ್ತಿದ್ದ ಗುರುತು ಅದು. ತುದಿಯ ವೃತ್ತದಲ್ಲಿ ರೋಮನ್ ಅಂಕಿ ಒಂದು (I) ಇದ್ದರೆ ಲೋಹದ ವರ್ಗ. ನಾಲ್ಕು ಮೂಲೆಗಳಲ್ಲಿ ವರ್ಷ, ತಿಂಗಳು, ದಿನ ಮತ್ತು ನೋಂದಣಿಯ ಕಟ್ಟಿನ ಸಂಖ್ಯೆ. 1867ರವರೆಗೆ ವರ್ಷವನ್ನು ಸೂಚಿಸುವ ಅಕ್ಷರ ಮೇಲಿನ ಮೂಲೆಯಲ್ಲಿರುತ್ತಿತ್ತು. 1868ರಿಂದ ಅದು ಬಲಕ್ಕೆ ಸರಿದು, ಮೇಲೆ ದಿನದ ಅಂಕಿ ಬಂತು. ಹೀಗಾಗಿ ಅಕ್ಷರ ಯಾವುದೆಂದು ಓದಲಾಗದಿದ್ದರೂ ಮೇಲಿನ ಮೂಲೆಯಲ್ಲಿರುವುದು ಅಕ್ಷರವೋ ಅಂಕಿಯೋ ಎಂದು ತಿಳಿದರೆ ಸಾಕು, ಕಾಲಾವಧಿ ಸಾಕಷ್ಟು ಕಿರಿದಾಗುತ್ತದೆ. ನನ್ನದರಲ್ಲಿ ಮೇಲಿರುವುದು ಅಂಕಿ. 1884ರಿಂದ ಈ ವಜ್ರದ ಬದಲು ಬರಿಯ ಕ್ರಮಸಂಖ್ಯೆ ಬಂದದ್ದರಿಂದ, ವಿನ್ಯಾಸ 1868 ಮತ್ತು 1883ರ ನಡುವಿನದು ಎಂದಾಯಿತು.

ಆದರೆ ಮುದ್ರೆ ತೀರ ಮಸುಕಾಗಿತ್ತು, ಮತ್ತು ಆ ಮಸುಕು ನನ್ನನ್ನು ಕೊರೆಯತೊಡಗಿತು. ಕಾಲು ತಾಗಿ ಸವೆಯುವ ಜಾಗವಲ್ಲ ಅದು. ಎಲೆಗಳ ನರಗಳೂ ಹಾಗೆಯೇ, ಮೇಣದ ಮೇಲೆ ಬಿಸಿ ತಾಗಿದಂತೆ ಅಂಚು ಕಳೆದುಕೊಂಡಿದ್ದವು. ಅದೇ ವಿನ್ಯಾಸದ ಇನ್ನೊಂದು ಪೀಠವು ಸ್ನೇಹಿತರೊಬ್ಬರಲ್ಲಿತ್ತು. ಅವರು ಪ್ರೀತಿಯಿಂದ ಅದನ್ನು ತಂದು ನನ್ನದರ ಪಕ್ಕದಲ್ಲಿಟ್ಟರು. ಅಳೆದೆವು: ಅವರದರ ಚೌಕಟ್ಟು 302 ಮಿಲಿಮೀಟರ್, ನನ್ನದು 299. ಅಗಲದಲ್ಲೂ ಅದೇ ಪ್ರಮಾಣದ ಕೊರತೆ.

ಈ ಮೂರು ಮಿಲಿಮೀಟರಿನ ಅರ್ಥ ಎರಕದ ಕೆಲಸ ಬಲ್ಲವರಿಗೆ ತಟ್ಟನೆ ಹೊಳೆಯುತ್ತದೆ. ಕಬ್ಬಿಣ ಗಟ್ಟಿಯಾಗಿ ತಣಿಯುವಾಗ ನೂರಕ್ಕೆ ಸುಮಾರು ಒಂದರಷ್ಟು, ಅಂದರೆ ಅಡಿಗೆ ಎಂಟನೇ ಒಂದು ಇಂಚಿನಷ್ಟು ಕುಗ್ಗುತ್ತದೆ. ಮಾದರಿ ಮಾಡುವವರು ಇದಕ್ಕಾಗಿಯೇ ಗೀರುಗಳನ್ನು ಅಷ್ಟೇ ಹಿಗ್ಗಿಸಿದ ವಿಶೇಷ ಅಳತೆಪಟ್ಟಿಯನ್ನು ಬಳಸಿ, ಮಾದರಿಯನ್ನು ಬೇಕಾದುದಕ್ಕಿಂತ ತುಸು ದೊಡ್ಡದಾಗಿ ಕೆತ್ತುತ್ತಿದ್ದರು. ಮರದ ಮಾದರಿಯಿಂದ ಕಬ್ಬಿಣದ ಮಾದರಿ ತೆಗೆದು ಅದರಿಂದ ವಸ್ತುವನ್ನು ಎರಕ ಹೊಯ್ಯುವುದಿದ್ದರೆ ಈ ಹೆಚ್ಚಳವನ್ನು ಎರಡು ಪಟ್ಟು ಮಾಡುತ್ತಿದ್ದರು. ಸಿದ್ಧವಾದ ಪೀಠವನ್ನೇ ಮಾದರಿಯಾಗಿಸಿ ಮರಳಿನಲ್ಲಿ ಅದುಮಿದವನ ಬಳಿ ಇಂಥ ಹೆಚ್ಚಳವಿರುವುದಿಲ್ಲ. ಅವನ ಎರಕ ಮೂಲಕ್ಕಿಂತ ನೂರಕ್ಕೆ ಒಂದರಷ್ಟು ಚಿಕ್ಕದಾಗಿಯೇ ಹುಟ್ಟುತ್ತದೆ, ಜೊತೆಗೆ ಗೆರೆಗಳು ಒಂದು ತಲೆಮಾರಿನಷ್ಟು ಮಸುಕಾಗುತ್ತವೆ. ಮೂಲದ ಮೇಲಿದ್ದ ಮುದ್ರೆಯೂ ಮಸುಕಾಗಿಯೇ ನಕಲಿನ ಮೇಲೆ ಮೂಡುತ್ತದೆ. ನನ್ನ ಕಾಲ್ಮಣೆ ನಕಲು.

ಒಂದೆರಡು ದಿನ ಬೇಸರವಾದದ್ದು ನಿಜ. ಆದರೆ ಚೌಕ ನಟ್ಟು, ಅರದ ಗೆರೆ, ನಯವಾದ ಮೈ ಇವೆಲ್ಲ ಎಲ್ಲಿಗೂ ಹೋಗಿರಲಿಲ್ಲ. ಇದು ಈಚಿನ ಅಂಗಡಿಯ ನಕಲಲ್ಲ, ಹಳೆಯ ಕಾಲದ ನಕಲು. ಒಬ್ಬರ ವಿನ್ಯಾಸವನ್ನು ಇನ್ನೊಬ್ಬರು ಕದ್ದು ಹೊಯ್ಯುವುದು ಆಗಲೇ ಎಷ್ಟು ಸಾಮಾನ್ಯವಾಗಿತ್ತೆಂದರೆ, ಆ ನೋಂದಣಿಯ ಕಾನೂನು ಹುಟ್ಟಿದ್ದೇ ಅಂಥ ಕಳವನ್ನು ತಡೆಯಲು. ತಡೆಯಲೆಂದು ಹಾಕಿದ ಮುದ್ರೆಯನ್ನೂ ಸೇರಿಸಿ ಕದ್ದವನ ಕೆಲಸ ನನ್ನ ಮುಂದಿತ್ತು, ಮತ್ತು ಆತ ಏಣುಗಳನ್ನು ಅಷ್ಟು ಚೆನ್ನಾಗಿ ಉಜ್ಜಿದ್ದನು.

ವಯಸ್ಸಿನ ಬಗ್ಗೆ ಉಳಿದ ಅನುಮಾನವನ್ನು ಮೆತ್ತೆ ಪರಿಹರಿಸಿತು. ಮಖಮಲ್ಲನ್ನು ಹಿಡಿದಿದ್ದ ಸ್ಟೇಪಲ್ ಪಿನ್ನುಗಳನ್ನು ಒಂದೊಂದಾಗಿ ಕೀಳಿದಾಗ ಅದರಡಿ ಹಳದಿಗಟ್ಟಿ ಪುಡಿಯಾಗುತ್ತಿದ್ದ ಫೋಮ್ ಇತ್ತು. ಅದು ಹೆಚ್ಚೆಂದರೆ 20ನೆಯ ಶತಮಾನದ ನಡುಭಾಗದ್ದು. ಅದರ ಕೆಳಗೆ ಹೂಬಳ್ಳಿಯ ಹತ್ತಿ ಬಟ್ಟೆ, ಮತ್ತೂ ಕೆಳಗೆ ಉಣ್ಣೆಯ ದಾರದ ಕಸೂತಿಯ ತುಂಡು, ಆಮೇಲೆ ಗೋಣಿಬಟ್ಟೆ, ಅದರೊಳಗೆ ಕುದುರೆಯ ಕೂದಲು. ನೂರು ವರ್ಷ ದಾಟಿದ ಕುದುರೆಯ ಕೂದಲು ಅಂಗೈಯಲ್ಲಿ ಹಿಸುಕಿ ಬಿಟ್ಟರೆ ಇಂದಿಗೂ ಪುಟಿದೇಳುತ್ತದೆ; ಫೋಮ್ ಅದರ ಕಾಲು ಭಾಗದ ವಯಸ್ಸಿಗೇ ಹಿಟ್ಟಾಗುತ್ತದೆ. ಮರದ ಹಲಗೆಯ ಅಂಚಿನಲ್ಲಿ ಮೊಳೆಯ ತೂತುಗಳು ಮೂರು ಸಾಲುಗಳಲ್ಲಿದ್ದವು, ಅತಿ ಒಳಗಿನ ಸಾಲಿನ ತೂತುಗಳ ಸುತ್ತ ಕಬ್ಬಿಣದ ಕಿಲುಬು ಮರಕ್ಕೆ ಕಪ್ಪಾಗಿ ಇಳಿದಿತ್ತು.

ಅಲುಗಾಡುತ್ತಿದ್ದ ಕಾಲಿನ ವಿಷಯವನ್ನೂ ಹೇಳಬೇಕು. ತಿರುಪು ಸಡಿಲವಾಗಿರಲಿಲ್ಲ, ತಿರುಪಿನ ತೂತಿನ ಬಳಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಎರಕದ ಕಬ್ಬಿಣ ಒತ್ತಡವನ್ನು ಎಷ್ಟು ಬೇಕಾದರೂ ಹೊರುತ್ತದೆ, ಎಳೆತವನ್ನು ತಾಳದು. ಬಾಗುವುದರ ಬದಲು ಮುರಿಯುತ್ತದೆ. ಹೊರಕ್ಕೆ ಚಾಚಿದ ಕಾಲಿನ ಪೀಠದ ಮೇಲೆ ಯಾರಾದರೂ ನಿಂತರೆ ಎಳೆತವೆಲ್ಲ ಅದೇ ತೂತಿನ ಬಳಿ ಸೇರುತ್ತದೆ. ಸಾಮಾನ್ಯ ಬೆಸುಗೆ ಹಾಕಿದರೆ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುವುದುಂಟು. ನಿಕಲ್ ಕಡ್ಡಿಯಿಂದ, ಇಡೀ ತುಂಡನ್ನು ಮೊದಲೇ ಕಾಯಿಸಿ, ಆಮೇಲೆ ಬಿಸಿ ಬೂದಿಯಲ್ಲೋ ಮರಳಿನಲ್ಲೋ ಹೂತು ನಿಧಾನವಾಗಿ ತಣಿಸಿದರೆ ಬೆಸುಗೆ ನಿಲ್ಲುವ ಸಂಭವ ಹೆಚ್ಚು. ನಾನು ಹಿತ್ತಾಳೆ ಬೆಸುಗೆಯನ್ನು ಆರಿಸಿಕೊಂಡೆ. ಅದಕ್ಕೆ ಕಡಿಮೆ ಶಾಖ ಸಾಕು, ಮತ್ತು ಬೆಸುಗೆಯ ಹಳದಿ ಗೆರೆ ಅಡಿಯಲ್ಲಿ ಕಾಣುತ್ತಾ, ಇಲ್ಲಿ ದುರಸ್ತಿಯಾಗಿದೆ ಎಂದು ಮುಂದೆ ನೋಡುವವರಿಗೆ ಪ್ರಾಮಾಣಿಕವಾಗಿ ಹೇಳುತ್ತದೆ.

ಮರಳು ಚಿಮ್ಮಿಸಿ ತುಕ್ಕು ತೆಗೆಸಿ, ಹೊಸದಾಗಿ ಕಪ್ಪು ಬಣ್ಣ ಹೊಡೆಸಿ ಎಂದು ಸಲಹೆ ಕೊಟ್ಟವರು ಹಲವರು. ಅದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಅರದ ಗೆರೆ, ಮುದ್ರೆ, ಕಂದುಗಟ್ಟಿ ನಿಂತ ಹಳೆಯ ತುಕ್ಕು, ಈ ಮೂರೂ ಒಂದೇ ಮಧ್ಯಾಹ್ನದಲ್ಲಿ ಅಳಿಸಿಹೋದರೆ ಆ ಪೀಠದ ಬಗ್ಗೆ ಇನ್ನಾರೂ ಏನನ್ನೂ ತಿಳಿಯಲಾರರು. ಉದುರುವ ಕಿತ್ತಳೆ ತುಕ್ಕನ್ನು ಎಣ್ಣೆ ಸವರಿದ ಸ್ಟೀಲ್ ವೂಲ್‌ನಿಂದ ಮೃದುವಾಗಿ ತಿಕ್ಕಿ, ಒರೆಸಿ, ತೆಳುವಾಗಿ ಮೇಣ ಹಚ್ಚಿದರೆ ಒಳಮನೆಯಲ್ಲಿರುವ ವಸ್ತುವಿಗೆ ಅಷ್ಟು ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚಾದ್ದರಿಂದ ಬಣ್ಣವಿರುವ ಪೀಠವನ್ನು ಒಣದಾಗಿ ಎಂದೂ ಉಜ್ಜಬಾರದು.

ಕುದುರೆ ಕೂದಲನ್ನು ಬಿಡಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಹೊಸ ಗೋಣಿಬಟ್ಟೆಯೊಳಗೆ ಮತ್ತೆ ತುಂಬಿದ್ದೇನೆ. ಕಸೂತಿಯ ತುಂಡು ಮೇಲೆ ಬರುವಷ್ಟು ಗಟ್ಟಿಯಾಗಿಲ್ಲವಾದ್ದರಿಂದ ಅದನ್ನು ಹೊಸ ಬಟ್ಟೆಯ ಅಡಿಯಲ್ಲೇ ಸಪಾಟಾಗಿ ಹಾಸಿ, ಸ್ಟೇಪಲ್ ಬಿಟ್ಟು ಸಣ್ಣ ಮೊಳೆಗಳನ್ನೇ ಹಳೆಯ ತೂತುಗಳಲ್ಲಿ ಹೊಡೆಯುತ್ತಿದ್ದೇನೆ. ಒಳಸಾಲಿನಲ್ಲಿ ಇನ್ನು ಹನ್ನೊಂದು ತೂತುಗಳು ಉಳಿದಿವೆ.